ಗೊತ್ತಿಲ್ಲ ಎನ್ನುವ ಕತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಾರಸಿಯ ಮೇಲೆ ಆಕೆ ಬಟ್ಟೆ ಒಣಹಾಕುತ್ತಿದ್ದಾಳೆ. ಬಾಯಲ್ಲಿ ಎರಡು ಕ್ಲಿಪ್ಪು, ಹೆಗಲ ಮೇಲೆ ಗಂಡನ ಪ್ಯಾಂಟು, ಕಾಲ ಬಳಿ ಬಕೆಟ್ಟು. ಹಗ್ಗದ ಮೇಲೆ ಮಗಳ ಶಾಲೆಯ ಸ್ಕರ್ಟಿನ ಪಕ್ಕದಲ್ಲಿ ಕುತ್ತಿಗೆಯಿಂದ ಕಾಲಿನವರೆಗೂ ಒಂದೇ ತುಂಡಾಗಿರುವ ಕಪ್ಪು ಉಡುಪು ತೂಗುತ್ತಿದೆ. ಕೆಳಗಿನ ಮನೆಯವರು ಮೊದಲ ಸಲ ಅದನ್ನು ನೋಡಿದಾಗ ಇವಳು ಸಮುದ್ರಕ್ಕೆ ಧುಮುಕುವ ಕೆಲಸದವಳಿರಬೇಕು ಅಂದುಕೊಂಡಿದ್ದರಂತೆ. ನಿನ್ನೆಯೇ ಒಗೆದು ಹಾಕಿದ್ದು. ಬೆನ್ನಿನ ಕಡೆ ಇನ್ನೂ ತಣ್ಣಗಿದೆ. ತಿರುವಿ ಹಾಕಲು ಕೈ ಎತ್ತುವಷ್ಟರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡ ಫೋನು ಬಡಿದುಕೊಳ್ಳುತ್ತದೆ.

ಅತ್ತ ಕಡೆ ಪ್ರಾರ್ಥನಾ ಮಂದಿರದ ಹಿರಿಯರು. ನಿವೃತ್ತ ಶಾಲಾ ಮಾಸ್ತರರಾದ್ದರಿಂದ ಎಲ್ಲರಿಗೂ ಅವರು ದೊಡ್ಡ ಮೇಷ್ಟ್ರು.

"ಇವತ್ತಿನ ಮಕ್ಕಳ ಸಭೆಗೆ ನೀನು ಬರೋದು ಬೇಡಮ್ಮ. ರೆಕಾರ್ಡ್ ಮಾಡಿ ಕಳಿಸಿಬಿಡು. ನಾವು ಒಂದ್ಸಲ ನೋಡ್ಕೊಂಡು ಹಾಕ್ತೀವಿ. ಇನ್ನುಮುಂದೆ ಹಾಗೇ ಅಂತ ಸಮಿತಿ ತೀರ್ಮಾನ ಮಾಡಿದೆ. ಆಯ್ತಾ?"

"ಹ್ಞೂಂ."

"ಒಳ್ಳೇದಾಯ್ತು. ನೀನು ಒಪ್ಪಲ್ಲ ಅಂದ್ಕೊಂಡಿದ್ದೆ."

ಆಕೆ ಕ್ಲಿಪ್ಪು ತೆಗೆದು ಹಗ್ಗಕ್ಕೆ ಸಿಕ್ಕಿಸುತ್ತಾಳೆ. "ಒಪ್ಪಿಲ್ಲ ಮೇಷ್ಟ್ರೇ. ಬಾಯಲ್ಲಿ ಕ್ಲಿಪ್ಪಿತ್ತು. ಯಾವಾಗ್ಲೂ ಬರೋ ಹೊತ್ತಿಗೇ ಬರ್ತೀನಿ. ಬಾಗಿಲು ತೆಗೆಸಿಟ್ಟಿರಿ."

ಫೋನು ಇಟ್ಟ ಮೇಲೂ ಆಕೆಯ ಹುಬ್ಬು ಕೆಳಗಿಳಿಯುವುದಿಲ್ಲ. ಆ ಹುಬ್ಬುಗಳ ಬಗ್ಗೆ ಒಂದು ಮಾತು ಹೇಳಬೇಕು. ಈ ನಗರದ ಒಂದಷ್ಟು ಮಕ್ಕಳಿಗೆ ಅವು ಹುಬ್ಬುಗಳಲ್ಲ, ಕತ್ತೆಯ ಕಿವಿಗಳು.

ಆ ಕಪ್ಪು ಉಡುಪಿನ ಮೇಲೆ ಭುಜ, ಮೊಣಕೈ, ಸೊಂಟ, ಹೀಗೆ ಕೀಲು ಇರುವ ಕಡೆಯೆಲ್ಲ ಮೈಯ ಚಲನೆ ಹಿಡಿಯುವ, ಬೆಂಕಿಪೊಟ್ಟಣದ ಗಾತ್ರದ ಸೆನ್ಸರ್‌ಗಳು ಕೂರುತ್ತವೆ. ತಲೆಗೊಂದು ಪಟ್ಟಿ, ಅದರಿಂದ ಮೂಗಿನ ಮುಂದಕ್ಕೆ ಚಾಚಿದ ಕಡ್ಡಿ, ಕಡ್ಡಿಯ ತುದಿಯಲ್ಲಿ ಪುಟ್ಟ ಕ್ಯಾಮೆರಾ. ಆಕೆ ಕೈ ಎತ್ತಿದರೆ ಪರದೆಯ ಮೇಲಿನ ಕತ್ತೆ ಆ ಕ್ಷಣವೇ ಮುಂಗಾಲು ಎತ್ತುತ್ತದೆ. ಆಕೆ ನಕ್ಕರೆ ಅದರ ಹಲ್ಲು ಕಾಣುತ್ತದೆ. ಮನುಷ್ಯರಿಗೆ ಕಿವಿ ಆಡಿಸಲು ಬರುವುದಿಲ್ಲವಲ್ಲ, ಅದಕ್ಕೆ ಆಕೆ ತನ್ನ ಹುಬ್ಬುಗಳನ್ನೇ ಕತ್ತೆಯ ಕಿವಿಗಳಿಗೆ ಜೋಡಿಸಿದ್ದಾಳೆ. ಹುಬ್ಬು ಮೇಲೇರಿದರೆ ಕಿವಿ ನಿಮಿರುತ್ತದೆ, ಗಂಟಿಕ್ಕಿದರೆ ಜೋಲುತ್ತದೆ. ತಿಂಗಳುಗಟ್ಟಲೆ ಚಿತ್ರ ಬರೆದು, ಬಣ್ಣ ಹಚ್ಚಿ, ಆಮೇಲೆ ತೋರಿಸುವ ಕಾರ್ಟೂನಲ್ಲ ಇದು. ಎದುರು ಕೂತ ಮಗು ಸೀನಿದರೆ ಕತ್ತೆ ತಕ್ಷಣ "ಮೂಗು ಒರೆಸ್ಕೋ, ನನಗೂ ನೆಗಡಿ ಬಂದೀತು" ಅನ್ನಬಲ್ಲದು.

ಕತ್ತೆ ಹೇಳುವುದೆಲ್ಲ ದೇವರ ಕಥೆ. ಪ್ರವಾಹದ ಕಥೆ, ಬರಗಾಲದ ಕಥೆ, ದಾರಿ ತಪ್ಪಿದವನು ಮನೆಗೆ ಬಂದ ಕಥೆ. ಎಲ್ಲ ಕಥೆಗಳಲ್ಲೂ ಅದು ಮೂಲೆಯಲ್ಲಿ ಮೂಟೆ ಹೊತ್ತು ನಿಂತು ಎಲ್ಲವನ್ನೂ ಕಂಡ ಪ್ರಾಣಿ. ದೊಡ್ಡವರು ದೊಡ್ಡ ಮಾತಾಡುವಾಗ ಇದರ ಕಾಲು ನೋಯುತ್ತಿರುತ್ತದೆ. ಮಕ್ಕಳಿಗೆ ಅಷ್ಟು ಸಾಕು. ವಾರಕ್ಕೊಂದು ಬೆಳಗ್ಗೆ ಮಂದಿರದ ಹಾಲಿನಲ್ಲಿ ಐವತ್ತು ಅರವತ್ತು ಮಕ್ಕಳು ಚಾಪೆಯ ಮೇಲೆ ಕೂರುತ್ತಾರೆ. ಅವರ ಬಾಯಲ್ಲಿ ಆಕೆಗೆ ಇರುವ ಹೆಸರು ಒಂದೇ, ಕತ್ತೆಯಕ್ಕ.

"ಬೀದೀಲಿ ಹೋಗ್ತಿದ್ರೆ ಹಿಂದಿನಿಂದ 'ಕತ್ತೆ' ಅಂತ ಕೂಗ್ತಾರೆ. ನಾನು ತಿರುಗ್ತೀನಿ," ಎನ್ನುತ್ತಾಳೆ. "ಪಕ್ಕದಲ್ಲಿ ನಮ್ಮ ಯಜಮಾನರಿದ್ರೆ ಅವರೂ ತಿರುಗ್ತಾರೆ. ಅದು ಅವರ ಅಭ್ಯಾಸ."

ಯಜಮಾನರು ಲಿಫ್ಟ್ ರಿಪೇರಿ ಮಾಡುವವರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆನ್ಸರ್‌ಗಳನ್ನು ಒಂದೊಂದಾಗಿ ಚಾರ್ಜರಿನಿಂದ ಬಿಡಿಸಿ ಡಬ್ಬಿಗೆ ತುಂಬುತ್ತಿದ್ದಾರೆ. "ಮದುವೆ ಆದಾಗ ಒಂದೇ ಕತ್ತೆ ಇತ್ತು ಈ ಮನೇಲಿ," ಎನ್ನುತ್ತಾರೆ ತಮ್ಮ ಎದೆ ಮುಟ್ಟಿಕೊಂಡು. "ಈಗ ಎರಡಾಯ್ತು. ಅದಕ್ಕಾದ್ರೂ ಹೆಸರಿದೆ."

ಕತ್ತೆಯಕ್ಕನಿಗೆ ಈಗ ನಲವತ್ತೊಂದು. ಕತ್ತೆ ಹುಟ್ಟುವ ಮೊದಲು ಹದಿಮೂರು ವರ್ಷ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಇದೇ ಕಪ್ಪು ಉಡುಪು ತೊಟ್ಟು ಬೇರೆಯವರ ಮೈಯಾಗಿದ್ದಳು. ಆಟಗಳಲ್ಲಿ ಬರುವ ಸೈನಿಕ, ರಾಕ್ಷಸ, ಗುಂಡೇಟು ತಿಂದು ಉರುಳುವ ಗುಂಪು, ಎಲ್ಲವೂ ಅವಳೇ. ಎತ್ತರದಿಂದ ಬೀಳಬೇಕು, ಎದ್ದು ಮತ್ತೆ ಬೀಳಬೇಕು. ಎಡ ಭುಜ ಇವತ್ತಿಗೂ ಚಳಿಗೆ ಕಳಚಿದಂತೆ ನೋಯುತ್ತದೆ. "ದಿನಕ್ಕೆ ನಲವತ್ತು ಸಲ ಸಾಯ್ತಿದ್ದೆ. ಮುಖ ನಂದಲ್ಲ, ದನಿ ನಂದಲ್ಲ, ಸಾವು ಮಾತ್ರ ನಂದು. ಒಂದಿನ ಚಾಪೆ ಮೇಲೆ ಬಿದ್ಕೊಂಡೇ ಅನ್ಕೊಂಡೆ, ಇಷ್ಟು ಚೆನ್ನಾಗಿ ಸಾಯೋಕೆ ಬರೋಳಿಗೆ ಏನಾದ್ರೂ ಬದುಕಿಸೋಕೂ ಬರಬೇಕಲ್ಲ ಅಂತ."

ಕಥೆ ಅವಳಿಗೆ ಬಂದಿದ್ದು ತಾಯಿಯಿಂದ. ತಾಯಿ ಹೊಲಿಗೆಯವಳು. ಬಟ್ಟೆಗೆ ಗುಂಡಿ ಹಚ್ಚುತ್ತ, ದಾರವನ್ನು ಹಲ್ಲಲ್ಲಿ ಕಡಿಯುತ್ತ ಕಥೆ ಹೇಳುತ್ತಿದ್ದಳು. ದಾರ ಕಡಿಯುವ ಜಾಗ ಯಾವಾಗಲೂ ಕಥೆಯಲ್ಲಿ ಎದೆ ಹೊಡೆದುಕೊಳ್ಳುವ ಜಾಗವೇ ಆಗಿರುತ್ತಿತ್ತು. ಇದೇ ಮಂದಿರದ ಇದೇ ಹಾಲಿನಲ್ಲಿ ದೊಡ್ಡ ಮೇಷ್ಟ್ರ ಜೊತೆ ಸೇರಿ ಮಕ್ಕಳಿಗೆ ಪಾಠ ಹೇಳಿದವಳೂ ಹೌದು. ಕತ್ತೆಯಕ್ಕ ಸ್ಟುಡಿಯೋದ ಹಳೆಯ, ಮೂಲೆಗೆ ಹಾಕಿದ್ದ ಉಡುಪನ್ನು ಕೇಳಿ ತಂದು, ಬಿಡುವಿನ ಹೊತ್ತಿನಲ್ಲಿ ಕತ್ತೆಯನ್ನು ಕಟ್ಟಿದಾಗ ತಾಯಿ ಮೊದಲು ಕೇಳಿದ್ದು, "ಹಿಂಗಾಲೆಲ್ಲೇ?" ಎಂದು. ನಾಲ್ಕು ಕಾಲಿನ ನಡಿಗೆ ಎರಡು ಕಾಲಿನ ಹೆಂಗಸಿನ ಮೈಯಿಂದ ಬರುವುದಿಲ್ಲ. ಅದಕ್ಕೇ ಕತ್ತೆ ಯಾವಾಗಲೂ ಒಂದು ಮೋಟು ಗೋಡೆಯ ಹಿಂದೆ ನಿಂತಿರುತ್ತದೆ. ಎದೆಯಿಂದ ಮೇಲಷ್ಟೇ ಕಾಣುತ್ತದೆ.

ಸ್ಟುಡಿಯೋದ ಯಜಮಾನನಿಗೆ ಕತ್ತೆ ಬಹಳ ಹಿಡಿಸಿತ್ತು. ದೊಡ್ಡ ವಾಹಿನಿಯವರಿಗೂ ತೋರಿಸಿದ. ಅವರೂ ನಕ್ಕರು, ತಲೆದೂಗಿದರು. ಆಮೇಲೆ ಅವಳನ್ನು ಕೋಣೆಗೆ ಕರೆದು, "ಕತ್ತೆ ಬಂಗಾರದಂಥದ್ದು. ದೇವರನ್ನೊಂದು ತೆಗೆದುಬಿಡು. ಹಲ್ಲುಜ್ಜೋದು, ಕೈ ತೊಳೆಯೋದು ಹೇಳ್ಕೊಡಲಿ," ಎಂದ.

"ದೇವರನ್ನ ತೆಗೆದ್ರೆ ಅದು ಬರೀ ಕತ್ತೆ ಸಾರ್," ಎಂದು ಹೇಳಿ ಬಂದಳು. ವಾರದ ಐದು ದಿನ ಇದ್ದ ಕೆಲಸ ಅದಾದ ಮೇಲೆ ಎರಡು ದಿನಕ್ಕೆ ಇಳಿಯಿತು. ಉಳಿದ ದಿನ ಮದುವೆ ಮನೆಗಳ ವಿಡಿಯೋ ಜೋಡಿಸುತ್ತಾಳೆ. ಬೇಸರವೇ ಎಂದು ಕೇಳಿದರೆ ಕಿವಿ, ಅಂದರೆ ಹುಬ್ಬು, ನಿಮಿರುತ್ತದೆ. "ಬೇಸರ ಯಾಕೆ? ಅವರಿಗೆ ದೇವರು ಜಾಸ್ತಿಯಾಯ್ತು. ಇಲ್ಲಿ ಮಂದಿರದವರಿಗೆ ಕತ್ತೆ ಜಾಸ್ತಿಯಾಯ್ತು. ನಾನು ಎರಡನ್ನೂ ಹಿಡ್ಕೊಂಡು ನಡುವೆ ನಿಂತಿದೀನಿ. ಬಿಡೋದು ಯಾವುದನ್ನ ಹೇಳಿ?"

ಮಂದಿರದವರಿಗೆ ಕತ್ತೆ ಜಾಸ್ತಿಯಾದದ್ದು ಹೇಗೆ ಎಂಬುದಕ್ಕೆ ಒಂದು ಹಿನ್ನೆಲೆಯಿದೆ. ಈ ಕೆಲಸದವರು ಮಾತ್ರ ಮಾಡಬಹುದಾದ ಒಂದು ತಪ್ಪು ಅದು.

ಹೋದ ವರ್ಷ ತಾಯಿ ತೀರಿಕೊಂಡಳು. ಅದಾದ ವಾರವೇ ಕತ್ತೆಯಕ್ಕ ಮಕ್ಕಳ ಸಭೆಗೆ ಬಂದಳು. ಮನೆಯಲ್ಲಿ ಕೂತರೆ ಹೊಲಿಗೆ ಯಂತ್ರ ಕಣ್ಣಿಗೆ ಬೀಳುತ್ತಿತ್ತು. ಅವತ್ತಿನ ಕಥೆ, ಕಾಯಿಲೆ ಬಿದ್ದ ಹುಡುಗಿಯೊಬ್ಬಳು ಪ್ರಾರ್ಥನೆಯಿಂದ ಎದ್ದು ಕೂತದ್ದು. ಚೆನ್ನಾಗಿಯೇ ಹೇಳಿದಳು. ಕಥೆ ಮುಗಿಯಿತು, ಹಾಡು ಶುರುವಾಗಬೇಕಿತ್ತು. ಆಕೆ ಇರುವುದು ವೇದಿಕೆಯ ಹಿಂದಿನ ಉಗ್ರಾಣದಲ್ಲಿ. ಮಕ್ಕಳಿಗೆ ಕಾಣುವುದು ಪರದೆ, ಆಕೆಗೆ ಮಕ್ಕಳು ಕಾಣುವುದು ಹಾಲಿನ ಕ್ಯಾಮೆರಾಕ್ಕೆ ಜೋಡಿಸಿದ ಒಂದು ಚಿಕ್ಕ ಪರದೆಯಲ್ಲಿ. ನಿಲ್ಲಿಸುವ ಗುಂಡಿ ಒತ್ತಿದ್ದೇನೆ ಅಂದುಕೊಂಡಳು. ಒತ್ತಿರಲಿಲ್ಲ. ಮೇಜಿನ ಮೇಲೆ ಗದ್ದ ಊರಿ ಅಳತೊಡಗಿದಳು.

ಹಾಲಿನಲ್ಲಿ ಕತ್ತೆ ಗೋಡೆಯ ಮೇಲೆ ಗದ್ದ ಊರಿ ಅಳುತ್ತಿತ್ತು. ಕಿವಿ ಎರಡೂ ಜೋತು ಬಿದ್ದಿದ್ದವು. ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು: "ಎಲ್ಲರನ್ನೂ ಎಬ್ಬಿಸಿ ಕೂರಿಸ್ತೀಯಲ್ಲ, ನಮ್ಮಮ್ಮನ್ನ ಯಾಕೆ ಎಬ್ಬಿಸಲಿಲ್ಲ?"

ಹಿಂದಿನ ಸಾಲಿನ ಒಬ್ಬ ಎದ್ದು ನಿಂತು, "ಕತ್ತೆ, ನಮ್ಮಜ್ಜೀನೂ ಎಬ್ಬಿಸಲಿಲ್ಲ," ಎಂದ. ಇನ್ನೊಬ್ಬಳು, "ನಮ್ಮನೆ ನಾಯೀನೂ," ಎಂದಳು. ಮತ್ತೊಬ್ಬ ನೇರವಾಗಿ ಕೇಳಿದ, "ಯಾಕೆ ಎಬ್ಬಿಸಲ್ಲ?"

ಉಗ್ರಾಣದಲ್ಲಿ ಕತ್ತೆಯಕ್ಕನಿಗೆ ಆಗ ತಿಳಿಯಿತು. ಗುಂಡಿಯ ಮೇಲೆ ಬೆರಳಿತ್ತು. ಒತ್ತಬಹುದಿತ್ತು. ಒತ್ತಲಿಲ್ಲ. ಮುಖ ಎತ್ತಿ, ಮುಂಗಾಲಿನಿಂದ ಮೂಗು ಒರೆಸಿಕೊಂಡು, "ಗೊತ್ತಿಲ್ಲ ಮರಿ. ನಾನೂ ಕೇಳ್ತಾನೇ ಇದೀನಿ," ಎಂದಳು.

ಅಂದಿನಿಂದ ಕಥೆ ಅರ್ಧ ಗಂಟೆ, ಪ್ರಶ್ನೆ ಅರ್ಧ ಗಂಟೆ. ಹಾಗಂತ ಯಾರೂ ತೀರ್ಮಾನಿಸಲಿಲ್ಲ, ಮಕ್ಕಳು ಏಳಲಿಲ್ಲ ಅಷ್ಟೆ. ದೇವರಿಗೆ ನಿದ್ದೆ ಬರುತ್ತದಾ, ಪರೀಕ್ಷೆಯ ದಿನ ಎಲ್ಲರೂ ಒಟ್ಟಿಗೆ ಬೇಡಿಕೊಂಡರೆ ಯಾರದ್ದು ಮೊದಲು ಕೇಳಿಸುತ್ತದೆ, ತಮ್ಮನ ಬಿಸ್ಕತ್ತು ತಿಂದು ಆಮೇಲೆ ಕ್ಷಮೆ ಕೇಳಿದರೆ ನಡೆಯುತ್ತದಾ. ಗೊತ್ತಿದ್ದಕ್ಕೆ ಕತ್ತೆ ಉತ್ತರ ಕೊಡುತ್ತದೆ. ಬಿಸ್ಕತ್ತಿನ ವಿಷಯದಲ್ಲಿ ಅದು ಬಹಳ ಕಟ್ಟುನಿಟ್ಟು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುತ್ತದೆ.

ಆ 'ಗೊತ್ತಿಲ್ಲ' ಊಟದ ಮೇಜುಗಳಿಗೆ ಹೋಯಿತು. ಮಗುವೊಂದು ಮನೆಯಲ್ಲಿ, "ಎಲ್ಲದಕ್ಕೂ ಉತ್ತರ ಇರಲ್ವಂತೆ" ಎಂದಿತು. ಅಪ್ಪಂದಿರು ಮಾತಾಡಿಕೊಂಡರು. ಸಮಿತಿ ಕೂತಿತು. ಈಗ ಬೆಳಗಿನ ಫೋನು.

ರೆಕಾರ್ಡ್ ಮಾಡಿದರೆ ಅದೇ ಕತ್ತೆ, ಅದೇ ದನಿ, ಅದೇ ಕಥೆ. ಮಕ್ಕಳಿಗೆ ವ್ಯತ್ಯಾಸವೂ ತಿಳಿಯಲಿಕ್ಕಿಲ್ಲ, ಎಂದು ಗಂಡ ದಾರಿಯಲ್ಲಿ ಮೆಲ್ಲಗೆ ಹೇಳಿ ನೋಡುತ್ತಾರೆ. ಸ್ಕೂಟರಿನ ಹಿಂದೆ ಪೆಟ್ಟಿಗೆ ಅಪ್ಪಿಕೊಂಡು ಕೂತ ಕತ್ತೆಯಕ್ಕ, "ಕೈ ಎತ್ತಿದ ಮಗು ಕಡೆ ಕತ್ತೆ ತಿರುಗಿ ನೋಡದೇ ಹೋದಾಗ ತಿಳಿಯುತ್ತೆ," ಎನ್ನುತ್ತಾಳೆ. ಸ್ವಲ್ಪ ದೂರ ಹೋದ ಮೇಲೆ, "ಅದ್ರಲ್ಲೂ ಆ ಒಂದು ಮಗುಗೆ," ಎಂದು ಸೇರಿಸುತ್ತಾಳೆ.

ಆ ಒಂದು ಮಗು ಮಂದಿರದ ಕಾವಲುಗಾರನ ಮೊಮ್ಮಗಳು. ಎಂಟರ ಹುಡುಗಿ. ಮುಂದಿನ ಸಾಲಿನಲ್ಲಿ, ಪರದೆಗೆ ಮೂಗು ತಗಲುವಷ್ಟು ಹತ್ತಿರ ಕೂರುತ್ತಾಳೆ. ಪ್ರಶ್ನೆಯ ಹೊತ್ತಿಗೆ ಅವಳ ಕೈ ಮೇಲೇಳುತ್ತದೆ. ಕಿವಿಯವರೆಗೆ ಬರುತ್ತದೆ. ಕತ್ತೆ ಅವಳ ಕಡೆ ತಿರುಗಿದ ತಕ್ಷಣ ಆ ಕೈ ತಲೆ ಕೆರೆದುಕೊಂಡು ಕೆಳಗಿಳಿಯುತ್ತದೆ. ಎಷ್ಟೋ ವಾರಗಳಿಂದ ಹೀಗೆ. ಮೊದಮೊದಲು ಮಕ್ಕಳು "ಹೇನು, ಹೇನು" ಎಂದು ನಗುತ್ತಿದ್ದರು. ಈಗ ನಗುವುದನ್ನೂ ಬಿಟ್ಟಿದ್ದಾರೆ.

ಮಂದಿರದ ಹಿಂಬಾಗಿಲಲ್ಲಿ ಕಾವಲುಗಾರ ಬೀಗದ ಕೈ ತಿರುಗಿಸುತ್ತ ಅದನ್ನೇ ಹೇಳುತ್ತಾನೆ. ಮಗ ಜೈಲಿಗೆ ಹೋದಾಗಿನಿಂದ ಹುಡುಗಿ ಅವನ ಬಳಿಯೇ ಇದ್ದಾಳೆ. "ಮನೇಲೂ ಏನೋ ಕೇಳೋಕೆ ಬರ್ತಾಳಮ್ಮ. ಬಂದು ಸುಮ್ಮನೆ ನಿಂತ್ಕೊತಾಳೆ. ಏನೇ ಅಂದ್ರೆ, ನಿನಗಲ್ಲ ಕತ್ತೇಗೆ ಕೇಳ್ತೀನಿ ಅಂತಾಳೆ. ನನಗಿಂತ ಕತ್ತೆ ಬುದ್ಧಿವಂತ ಅಂತ ತೀರ್ಮಾನ ಆಗಿದೆ." ಬೀಗ ಕಳಚಿ ಕೈಯಲ್ಲಿ ಹಿಡಿದುಕೊಂಡು ದನಿ ಇಳಿಸುತ್ತಾನೆ. "ಮೇಷ್ಟ್ರು ಒಳಗಿದಾರೆ. ಮುಖ ಬಿಗಿಯಾಗಿದೆ."

ಮೇಷ್ಟ್ರು ಉಗ್ರಾಣದಲ್ಲೇ ಕಾದಿದ್ದಾರೆ. ಮುರಿದ ಬೆಂಚುಗಳು, ಹಳೆಯ ಹಾಡಿನ ಪುಸ್ತಕಗಳ ಕಟ್ಟು, ಇವುಗಳ ನಡುವೆ ಒಂದು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಾರೆ. ಕತ್ತೆಯಕ್ಕ ನಮಸ್ಕಾರ ಹೇಳಿ ಪೆಟ್ಟಿಗೆ ಬಿಚ್ಚುತ್ತಾಳೆ. ಕಪ್ಪು ಉಡುಪನ್ನು ಮನೆಯಿಂದಲೇ ಕೋಟಿನೊಳಗೆ ತೊಟ್ಟು ಬಂದಿದ್ದಾಳೆ. ಬೆನ್ನು ಇನ್ನೂ ಒದ್ದೆ.

"ನಾನೇನು ನಿನ್ನ ವೈರಿಯಾ?" ಎಂದು ಮೇಷ್ಟ್ರು ಶುರುಮಾಡುತ್ತಾರೆ. "ನಿಮ್ಮಮ್ಮ ಇದ್ದಿದ್ರೆ ಅವಳೂ ಇದೇ ಹೇಳ್ತಿದ್ಲು. ಮಕ್ಕಳು ನಂಬಿಕೆ ಕಟ್ಕೊಳ್ಳೋ ವಯಸ್ಸು. ದೇವರ ಮನೇಲಿ ನಿಂತು ಗೊತ್ತಿಲ್ಲ ಅಂದ್ರೆ ಆ ಮಗು ಎಲ್ಲಿಗೆ ಹೋಗಬೇಕು?"

"ಗೊತ್ತಿಲ್ಲ ಅಂದಿದ್ದು ದೇವರಲ್ಲ ಮೇಷ್ಟ್ರೇ. ಕತ್ತೆ."

ಮೇಷ್ಟ್ರಿಗೆ ನಗು ಬರುತ್ತದೆ. ತಡೆದುಕೊಳ್ಳುತ್ತಾರೆ. "ಮಾತಲ್ಲಿ ಗೆಲ್ಲೋಕೆ ನೋಡ್ಬೇಡ. ಮೊದಲೇ ಮಾಡಿಟ್ರೆ ನಿನಗೂ ಸುಲಭ. ತಪ್ಪಾಗಲ್ಲ. ಆವತ್ತಿನ ಹಾಗೆ ಆಗಲ್ಲ."

"ಆವತ್ತಿನ ಹಾಗೆ ಆಗಿದ್ದಕ್ಕೇ ಅಲ್ವಾ ಮಕ್ಕಳು ಬಾಯಿಬಿಟ್ಟಿದ್ದು?" ಆಕೆ ಮೊಣಕೈಗೆ ಸೆನ್ಸರ್ ಕಟ್ಟಿಕೊಳ್ಳುತ್ತ ಅವರ ಕಡೆ ತಿರುಗುತ್ತಾಳೆ. "ಇಷ್ಟು ವರ್ಷ ನಾವು ಉತ್ತರ ಹೇಳ್ತಾನೇ ಇದ್ವಿ. ಅವರು ಕೇಳದೇ ಇದ್ದ ಪ್ರಶ್ನೆಗೆಲ್ಲ ಹೇಳಿದ್ವಿ. ನಾನೂ ಇದೇ ಚಾಪೆ ಮೇಲೆ ಕೂತವಳು. ನೀವೇ ಕಲಿಸಿದ್ದು. ಒಂದು ಪ್ರಶ್ನೆನಾದ್ರೂ ಕೇಳಿದ್ದು ನೆನಪಿದೆಯಾ ನಿಮಗೆ?"

ಮೇಷ್ಟ್ರು ಪಕ್ಕದ ಹಾಡಿನ ಪುಸ್ತಕಗಳ ಕಟ್ಟನ್ನು ಸರಿಮಾಡಿ ಇಡುತ್ತಾರೆ.

"ನನ್ನ ಹತ್ರ ಬಹಳ ಇದ್ವು," ಎನ್ನುತ್ತಾಳೆ ಕತ್ತೆಯಕ್ಕ. "ಸಮಿತಿಗೆ ಹೇಳಿ. ಕತ್ತೆ ಬೇಡ ಅಂದ್ರೆ ಬೇಡ ಅನ್ನಲಿ, ಪೆಟ್ಟಿಗೆ ಎತ್ಕೊಂಡು ಹೋಗ್ತೀನಿ. ಬಸ್ ನಿಲ್ದಾಣದ ಗೋಡೆ ಮೇಲೆ ಬೇಕಾದ್ರೂ ತೋರಿಸ್ತೀನಿ. ಆದ್ರೆ ಕಿವಿ ಇಲ್ಲದ ಕತ್ತೆನ ಕಳಿಸಲ್ಲ."

ಮೇಷ್ಟ್ರು ಸ್ಟೂಲಿನಿಂದ ಏಳುತ್ತಾರೆ. "ಇವತ್ತು ನಾನು ಹಾಲಲ್ಲೇ ಇರ್ತೀನಿ. ಪರದೆಯ ಸ್ವಿಚ್ಚಿನ ಪಕ್ಕದಲ್ಲಿ. ಮಗುವಿಗೆ ತಡೆಯಲಾಗದ್ದು ಏನಾದ್ರೂ ಬಂದ್ರೆ ಆರಿಸ್ತೀನಿ. ಆರಿಸಿದ್ರೆ ಅಲ್ಲಿಗೆ ಮುಗೀತು, ಇನ್ನು ನೀನು ಬರೋ ಹಾಗಿಲ್ಲ. ಒಪ್ಪಿಗೆನಾ?"

"ಒಪ್ಪಿಗೆ. ಬಾಯಲ್ಲಿ ಕ್ಲಿಪ್ಪಿಲ್ಲ."

ಉಡುಪು ತೊಟ್ಟ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಪ್ರತಿ ಸಲವೂ ಯಂತ್ರ ಅವಳ ಮೈಯ ಅಳತೆಯನ್ನು ಹೊಸದಾಗಿ ಹಿಡಿಯಬೇಕು. ಅದಕ್ಕಾಗಿ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಗದ್ದೆಯ ಬೆದರುಬೊಂಬೆಯಂತೆ ಅಲ್ಲಾಡದೆ ನಿಲ್ಲಬೇಕು. ಸ್ಟುಡಿಯೋದಲ್ಲಿ ಅದು ಎಲ್ಲರಿಗೂ ಬೇಸರದ ಗಳಿಗೆ. ಕೆಲವರು ಗೊಣಗುತ್ತಾರೆ, ಕೆಲವರು ಆಕಳಿಸುತ್ತಾರೆ. ಕತ್ತೆಯಕ್ಕ ಮಾತ್ರ ಕಣ್ಣು ಮುಚ್ಚುತ್ತಾಳೆ. ಅವಳ ಪ್ರಾರ್ಥನೆ ಅಷ್ಟೇ, ಅಲ್ಲೇ. ನೋಯುವ ಭುಜ ನಡುಗುತ್ತದೆ, ಕೈ ಇಳಿಸುವಂತಿಲ್ಲ. "ಅದು ನನ್ನ ಅಳತೆ ತಗೊಳ್ಳೋ ಹೊತ್ತಿಗೆ ನಾನೂ ಒಂದು ಮಾತು ಹೇಳಿ ಮುಗಿಸ್ತೀನಿ. ಮಕ್ಕಳ ಮುಂದೆ ನನ್ನ ಬಾಯಲ್ಲಿ ಸುಳ್ಳು ಬರಿಸ್ಬೇಡ ಅಂತ. ದೊಡ್ಡ ಬೇಡಿಕೆಯೇನಲ್ಲ. ಆದ್ರೆ ಪ್ರತಿ ಸಲ ಕೇಳ್ಬೇಕಾಗುತ್ತೆ."

ಇವತ್ತು ಆಕೆ ಕೈ ಚಾಚಿ ನಿಂತಾಗ ಮೇಷ್ಟ್ರು ಬಾಗಿಲಲ್ಲಿ ತಿರುಗಿ ನೋಡುತ್ತಾರೆ. ಹೆಜ್ಜೆ ಸಪ್ಪಳ ಮಾಡದೆ ಹೊರಗೆ ಹೋಗುತ್ತಾರೆ.

ಹಾಲಿನಲ್ಲಿ ಗದ್ದಲ. ಚಪ್ಪಲಿ ಬಿಡುವ ಗದ್ದಲ, ಚಾಪೆಯ ಮೇಲಿನ ಜಾಗಕ್ಕೆ ಜಗಳ. ಪರದೆ ಬೆಳಗುತ್ತದೆ. ಗೋಡೆಯ ಹಿಂದಿನಿಂದ ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಮಕ್ಕಳು ಹೋ ಎನ್ನುತ್ತಾರೆ. ಕತ್ತೆ ಇವತ್ತು ಹೇಳುವುದು ಬರಗಾಲದ ಕಥೆ. ಊರಿನ ಬಾವಿಯಲ್ಲಿ ನೀರು ತಳ ಸೇರಿದೆ. ಕಾಳು ಕದ್ದವನೊಬ್ಬನನ್ನು ಊರವರು ಹೆಬ್ಬಾಗಿಲಿನ ಹೊರಗೆ ಹಾಕಿದ್ದಾರೆ. ಅವನಿಗೂ ಬಾಯಾರಿಕೆಯಾಗುತ್ತದೆ. ದೇವರು ಒಬ್ಬ ಮುದುಕಿಯ ಮನಸ್ಸಿನಲ್ಲಿ ಬಂದು ಅವನಿಗೆ ನೀರು ಒಯ್ಯಲು ಹೇಳುತ್ತಾನೆ. ಒಯ್ಯುವುದು ಯಾರ ಬೆನ್ನ ಮೇಲೆ? "ನೀರು ಎಷ್ಟು ಭಾರ ಅಂತ ದೇವರಿಗೆ ಗೊತ್ತಿತ್ತೋ ಇಲ್ವೋ, ನನಗಂತೂ ಗೊತ್ತಿತ್ತು," ಎನ್ನುತ್ತದೆ ಕತ್ತೆ. ಮಕ್ಕಳು ಉರುಳಾಡಿ ನಗುತ್ತಾರೆ.

ಕಾವಲುಗಾರನ ಮೊಮ್ಮಗಳು ನಗುತ್ತಿಲ್ಲ. ಉಗ್ರಾಣದ ಚಿಕ್ಕ ಪರದೆಯಲ್ಲಿ ಕತ್ತೆಯಕ್ಕನಿಗೆ ಅದು ಕಾಣುತ್ತದೆ.

ಪ್ರಶ್ನೆಯ ಹೊತ್ತು. ಕಳ್ಳನಿಗೆ ಯಾವ ಕಾಳು ಇಷ್ಟ ಎಂದು ಒಬ್ಬ ಕೇಳುತ್ತಾನೆ. ಮುದುಕಿಗೆ ಹೆಬ್ಬಾಗಿಲು ತೆಗೆದವರು ಯಾರು ಎಂದು ಇನ್ನೊಬ್ಬಳು. ಹಿಂದೆ, ಸ್ವಿಚ್ಚಿನ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದಾರೆ, ಕೈ ಮೊಣಕಾಲಿನ ಮೇಲಿದೆ. ಮುಂದಿನ ಸಾಲಿನಲ್ಲಿ ಚಿಕ್ಕ ಕೈಯೊಂದು ಮೇಲೇಳುತ್ತದೆ. ಕಿವಿಯವರೆಗೆ ಬರುತ್ತದೆ. ಕತ್ತೆ ಅವಳ ಕಡೆ ತಿರುಗುತ್ತದೆ. ಕೈ ತಲೆಯ ಮೇಲೆ ಕೂರುತ್ತದೆ.

ಕತ್ತೆ ಬೇರೆ ಮಗುವಿನ ಕಡೆ ತಿರುಗುವುದಿಲ್ಲ. ಗೋಡೆಯ ಮೇಲೆ ಗದ್ದ ಊರಿ, ಅವಳ ಎತ್ತರಕ್ಕೆ ಇಳಿದು, ಎರಡೂ ಕಿವಿ ನಿಮಿರಿಸಿ ಕಾಯುತ್ತದೆ. ಉಗ್ರಾಣದಲ್ಲಿ ಕತ್ತೆಯಕ್ಕ ನೆಲಕ್ಕೆ ಮಂಡಿಯೂರಿದ್ದಾಳೆ. ಹುಬ್ಬು ಎತ್ತಿ ಹಿಡಿದು ಹಣೆ ನೋಯುತ್ತಿದೆ. ಹಾಲಿನ ಗದ್ದಲ ತಾನಾಗಿಯೇ ಕರಗುತ್ತದೆ. ಬಾಗಿಲ ಬಳಿ ಕಾವಲುಗಾರ ನಿಂತಿದ್ದಾನೆ. ಮೇಷ್ಟ್ರು ಎದ್ದಿದ್ದಾರೆ, ಒಂದು ಕೈ ಸ್ವಿಚ್ಚಿನ ಮೇಲೆ.

ಹುಡುಗಿ ಎದ್ದು ನಿಲ್ಲುತ್ತಾಳೆ. ತಲೆಯ ಮೇಲಿನ ಕೈಯನ್ನು ಇಳಿಸಿ ಫ್ರಾಕಿನ ಅಂಚು ಹಿಡಿದುಕೊಳ್ಳುತ್ತಾಳೆ. ಮೇಷ್ಟ್ರ ಕೈ ಸ್ವಿಚ್ಚಿನಿಂದ ಕೆಳಗಿಳಿಯುತ್ತದೆ.

"ಕತ್ತೆ," ಎನ್ನುತ್ತಾಳೆ ಹುಡುಗಿ, ಇಡೀ ಹಾಲಿಗೆ ಕೇಳುವಷ್ಟು ಗಟ್ಟಿಯಾಗಿ. "ನಮ್ಮಪ್ಪ ಕೆಟ್ಟವನು ಅಂತ ಎಲ್ಲಾರೂ ಹೇಳ್ತಾರೆ. ನಾನು ಅವನಿಗೋಸ್ಕರ ಬೇಡ್ಕೊಂಡ್ರೆ ದೇವರಿಗೆ ನನ್ನ ಮೇಲೆ ಸಿಟ್ಟು ಬರುತ್ತಾ?"